ಗೀಟು ಕಾಣಬೇಕಾದರೆ ನೆರಳು ಬೇಕು

ಪ್ರಶ್ನೆ: ನನಗೆ 63 ವರ್ಷ. ನಿವೃತ್ತಿಯಾದ ಮೇಲೆ ಬೆಂಗಳೂರಿನ ವಿಜಯನಗರದ ಮನೆಯ ಹಿಂದಿರುವ 10×12 ಅಡಿ ಕೋಣೆಯಲ್ಲಿ ಮರಗೆಲಸ ಮಾಡುತ್ತೇನೆ. ತೇಗ, ಬೀಟೆಯ ಸಣ್ಣ ಪೆಟ್ಟಿಗೆಗಳು, ಹಲ್ಲಿಗೆ ಹಲ್ಲು ಕೂಡಿಸುವ ಡವ್‌ಟೇಲ್ ಜಾಯಿಂಟ್, ಮುಚ್ಚಳದ ಮೇಲೆ ಒಂದಿಷ್ಟು ಇನ್‌ಲೇ, ಅಂದರೆ ಮರದೊಳಗೆ ಬೇರೆ ಮರದ ತುಂಡು ಕೂರಿಸುವ ಚಿತ್ತಾರ. ಒಂದು ಪುಟ್ಟ ಲೇತ್ ಕೂಡ ಇದೆ. ಎರಡು ವರ್ಷದಿಂದ ಚಾಕುವಿನಲ್ಲಿ ಎಳೆದ ಗೀಟು ಸರಿಯಾಗಿ ಕಾಣುತ್ತಿಲ್ಲ. ಒಂದಿದ್ದ ಟ್ಯೂಬ್‌ಲೈಟನ್ನು ಮೂರು ಮಾಡಿದೆ, ಪ್ರೋಗ್ರೆಸಿವ್ ಕನ್ನಡಕ ಹಾಕಿಸಿದೆ. ಆದರೂ ಜೋಡಿಸುವಾಗ ಅರ್ಧ ಮಿಲಿಮೀಟರ್ ಸಂದು ಉಳಿಯುತ್ತದೆ. ಒಂದು ಮುಚ್ಚಳದ ಇನ್‌ಲೇ ಅರ್ಧಕ್ಕೇ ನಿಂತಿದೆ. ಸಣ್ಣ ಕೆಲಸ ಬಿಟ್ಟು ಬೆಂಚು, ಸ್ಟೂಲು ಮಾಡಿಕೊಂಡಿರುವುದೇ ವಾಸಿಯೇ?

ಉತ್ತರ: ಬಿಡಬೇಡಿ. ಇವತ್ತು ಸಂಜೆ ಕತ್ತಲಾದ ಮೇಲೆ ಒಂದು ಪರೀಕ್ಷೆ ಮಾಡಿ, ಆಮೇಲೆ ಮುಂದಿನದನ್ನು ಓದಿ. ತೇಗದ ಒಂದು ತುಂಡಿನ ಮೇಲೆ ಮೂಲೆಮಟ್ಟ ಇಟ್ಟು ಚಾಕುವಿನಿಂದ ಹಗುರವಾಗಿ ಗೀಟು ಎಳೆಯಿರಿ. ಮೊದಲು ಮೂರೂ ಟ್ಯೂಬ್‌ಲೈಟ್ ಹಾಕಿಕೊಂಡು ನೋಡಿ. ನಂತರ ಮೂರನ್ನೂ ಆರಿಸಿ, ಮೊಬೈಲಿನ ಟಾರ್ಚನ್ನು ಹಲಗೆಯ ಮಟ್ಟಕ್ಕೆ ತಂದು, ಗೀಟಿಗೆ ಅಡ್ಡವಾಗಿ ಬೆಳಕು ಹಾಯುವಂತೆ ಹಿಡಿಯಿರಿ. ಎಲ್ಲೋ ಇದೆ ಎಂದು ಹುಡುಕುತ್ತಿದ್ದ ಗೀಟು ಕಪ್ಪು ದಾರ ಹಾಸಿದಂತೆ ಎದ್ದು ಬರುತ್ತದೆ. ಮೂರು ಟ್ಯೂಬ್‌ಲೈಟಿನ ಬೆಳಕಿನ ಮುಂದೆ ಆ ಟಾರ್ಚು ಯಾವ ಲೆಕ್ಕ? ಆದರೂ ನಿಮ್ಮ ಕಣ್ಣಿಗೆ ಬೇಕಾದದ್ದನ್ನು ಕೊಟ್ಟಿದ್ದು ಅದೇ.

ಕಾರಣ ಸರಳ. ಚಾಕುವಿನ ಗೀಟಿಗೆ ತನ್ನದೇ ಬಣ್ಣವಿಲ್ಲ, ಅದೊಂದು ಹಳ್ಳ. ಹಳ್ಳ ಕಾಣುವುದು ಅದರೊಳಗೆ ಬಿದ್ದ ನೆರಳಿನಿಂದ. ಸೂರಿನಲ್ಲಿ ಮೂರು ಕಡೆ ಟ್ಯೂಬ್‌ಲೈಟ್ ಕಟ್ಟಿದಾಗ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಕೋಣೆಯೇನೋ ಬೆಳ್ಳಗಾಗುತ್ತದೆ, ಗೀಟು ಮಾಯವಾಗುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಆಚಾರ್ರು ಜಗಲಿಯಲ್ಲಿ ಕೂತು ಉಳಿ ಹಿಡಿಯುತ್ತಿದ್ದರು. ಹಿಂದೆ ಗೋಡೆ, ಮೇಲೆ ಸೂರು, ಒಂದೇ ಪಕ್ಕದಿಂದ ತಗ್ಗಿ ಬರುವ ಬೆಳಕು. ನೆಲದ ಮೇಲಿಟ್ಟ ಹಲಗೆಯ ಮೇಲೆ ಅದು ಓರೆಯಾಗಿಯೇ ಬೀಳುತ್ತಿತ್ತು. ನಿಮ್ಮ ಕೋಣೆಗೆ ತರಬೇಕಾದದ್ದು ಆ ಜಗಲಿಯ ಬೆಳಕನ್ನು.

ಹಾಗೆಂದು ಮೂರು ಟ್ಯೂಬ್‌ಲೈಟ್ ವ್ಯರ್ಥವಾಗಲಿಲ್ಲ. 20 ವಾಟ್‌ನ ಎಲ್‌ಇಡಿ ಬ್ಯಾಟನ್ ಸುಮಾರು 2000 ಲ್ಯೂಮೆನ್ ಕೊಡುತ್ತದೆ, ಮೂರಕ್ಕೆ 6000. ಲ್ಯೂಮೆನ್ ಎಂದರೆ ದೀಪ ಹೊರಚೆಲ್ಲುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರ್‌ಗೆ ಬೀಳುವ ಲ್ಯೂಮೆನ್. ಗೋಡೆ, ಸೂರು, ನೆಲ ನುಂಗಿದ್ದು ಹೋಗಿ ಅರ್ಧ ಕೆಲಸದ ಮಟ್ಟಕ್ಕೆ ಬಂತೆನ್ನಿ. ನಿಮ್ಮ ಕೋಣೆ ಸುಮಾರು 11 ಚದರ ಮೀಟರ್. ಅಂದರೆ ಹಲಗೆಯ ಮೇಲೆ 270 ಲಕ್ಸ್‌ನಷ್ಟು ಬೆಳಕು. ಓಡಾಡಲು, ತೋಪಡ ಹೊಡೆಯಲು, ಬಿದ್ದ ಸ್ಕ್ರೂ ಹುಡುಕಲು ಇದು ಸಾಕು. ಆದರೆ ಕಣ್ಣಿಗೆ ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗೆ ತಿರುಗುತ್ತದೆ. 60ರ ಆಸುಪಾಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹುಡುಗನಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಆ ಹುಡುಗ 300 ಲಕ್ಸ್‌ನಲ್ಲಿ ಆರಾಮಾಗಿ ನೋಡುವುದನ್ನು ನೋಡಲು ನಿಮಗೆ 900 ಬೇಕು. ಅಷ್ಟನ್ನು ಕೋಣೆಗೆಲ್ಲ ತುಂಬಲು ಹೋದರೆ ಇನ್ನೂ ಆರೇಳು ಟ್ಯೂಬ್‌ಲೈಟ್ ಕಟ್ಟಬೇಕಾಗುತ್ತದೆ, ಗೀಟು ಇನ್ನಷ್ಟು ಮಾಯವಾಗುತ್ತದೆ. ಹೆಚ್ಚಿನ ಬೆಳಕು ಬೇಕಿರುವುದು ಉಳಿಯ ತುದಿಯ ಸುತ್ತಲಿನ ಒಂದಡಿ ಜಾಗಕ್ಕೆ.

ಆ ಒಂದಡಿಗೆ ಒಂದೇ ದೀಪ ಸಾಕು. 9 ವಾಟ್‌ನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್. ಬೆಳಕನ್ನೆಲ್ಲ ಮುಂದಕ್ಕೆ ತಳ್ಳುವ ಬಟ್ಟಲಿನಂಥ ಲೋಹದ ಶೇಡಿನೊಳಗಿಟ್ಟು ಅರ್ಧ ಮೀಟರ್ ದೂರದಲ್ಲಿ ಹಿಡಿದರೆ, ಸಾವಿರ ಲಕ್ಸ್‌ನ ಮೇಲೇ ಬೀಳುತ್ತದೆ. ಅದೇ ದೀಪವನ್ನು ಒಂದು ಮೀಟರ್‌ಗೆ ಸರಿಸಿದರೆ ಮುನ್ನೂರಕ್ಕೆ ಇಳಿಯುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಆದ್ದರಿಂದ ದೊಡ್ಡ ಬಲ್ಬಿಗಿಂತ ಉದ್ದನೆಯ, ಬೇಕಾದಂತೆ ಬಾಗುವ ತೋಳಿಗೆ ದುಡ್ಡು ಹಾಕಿ. ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಓದುವ ಮೇಜಿನ ದೀಪ ಎಂದು ಕೇಳಿದರೆ ಕ್ಲ್ಯಾಂಪ್ ಇರುವ ತೋಳಿನ ದೀಪಗಳನ್ನು ತೋರಿಸುತ್ತಾರೆ. ಕೊಳ್ಳುವ ಮೊದಲು ತೋಳನ್ನು ಪೂರ್ತಿ ಚಾಚಿ, ಬಿಟ್ಟ ಕಡೆಯೇ ನಿಲ್ಲುತ್ತದೆಯೇ ನೋಡಿ. ನಿಧಾನವಾಗಿ ಜಾರುವ ತೋಳು ಕೆಲಸದ ಮಧ್ಯೆ ತಾಳ್ಮೆಗೆಡಿಸುತ್ತದೆ. ಟೈಲರುಗಳು ಹೊಲಿಗೆ ಯಂತ್ರಕ್ಕೆ ಅಂಟಿಸುವ ಮ್ಯಾಗ್ನೆಟ್ ದೀಪ ಗೊತ್ತಲ್ಲ, ಚಿಕ್ಕಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಂಥದ್ದೊಂದನ್ನೂ ತನ್ನಿ. ಲೇತ್‌ನ ಕಬ್ಬಿಣದ ಮೈಗೆ, ಬೆಂಚ್ ವೈಸಿನ ದವಡೆಗೆ ಎಲ್ಲಿ ಬೇಕಾದರೂ ಕಚ್ಚಿಕೊಳ್ಳುತ್ತದೆ.

ಈಗ ದೀಪ ಎಲ್ಲಿಡಬೇಕು ಎಂಬ ಮಾತು. ಬಲಗೈಯವರಾದರೆ ದೀಪ ಎಡಕ್ಕೆ, ಕೈಯ ನೆರಳು ಗೀಟಿನ ಮೇಲೆ ಬೀಳದಂತೆ. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೆರಡು. ಮೊದಲನೆಯದು, ಬೆಳಕು ಗೀಟಿಗೆ ಅಡ್ಡಲಾಗಿ ಬರಬೇಕು. ಗೀಟಿನ ಉದ್ದಕ್ಕೇ ಹರಿದುಹೋದರೆ ಹಳ್ಳದಲ್ಲಿ ನೆರಳೇ ಬೀಳುವುದಿಲ್ಲ. ಡವ್‌ಟೇಲ್‌ನಲ್ಲಿ ಬುಡದ ಗೀಟು ಒಂದು ದಿಕ್ಕಿಗೆ, ಹಲ್ಲಿನ ಗೀಟು ಇನ್ನೊಂದು ದಿಕ್ಕಿಗೆ. ಹಾಗಾಗಿ ದೀಪವನ್ನು ಸರಿಸುತ್ತಲೇ ಇರಬೇಕು, ಇಲ್ಲವೇ ಹಲಗೆಯನ್ನು ತಿರುಗಿಸಬೇಕು. ಎರಡನೆಯದು, ದೀಪದ ಎತ್ತರ. ಹಲಗೆಯಿಂದ ಒಂದು ಗೇಣಿಗೆ ಇಳಿಸಿ ಪಕ್ಕಕ್ಕೆ ಸರಿಸಿದರೆ ಗೀಟು, ತೋಪಡದ ಗೆರೆ, ಒಣಗಿದ ಅಂಟಿನ ಕಲೆ, ಸ್ಯಾಂಡ್‌ಪೇಪರ್ ಬಿಟ್ಟ ಗೀರು ಎಲ್ಲವೂ ಬಯಲಾಗುತ್ತವೆ. ಈ ಓರೆ ಬೆಳಕಿಗೆ ಹಾಲುಬಿಳಿ ಹೊದಿಕೆಯ ದೀಪ ಬೇಡ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು. ಸೂರಿನ ಬೆಳಕು ಮಾತ್ರ ಮೆತ್ತಗೆ ಹರಡಿಕೊಂಡಿರಲಿ. ಅದನ್ನು ಪೂರ್ತಿ ಆರಿಸಿ ಒಂದೇ ದೀಪದಲ್ಲಿ ಕೂರಬೇಡಿ. ಬೆಳಗಿದ ಹಲಗೆಗೂ ಕತ್ತಲ ಕೋಣೆಗೂ ನಡುವೆ ಓಡಾಡಿ ಕಣ್ಣು ಬೇಗ ಸೋಲುತ್ತದೆ. ಸೂರಿನ ಟ್ಯೂಬ್‌ಲೈಟ್‌ಗಳಲ್ಲಿ ಯಾವುದಾದರೂ ನಿಮ್ಮ ಬೆನ್ನ ಹಿಂದಿದ್ದರೆ ಬೆಂಚಿನ ಮುಂಭಾಗದ ನೇರಕ್ಕೆ ತನ್ನಿ. ಬೆನ್ನ ಹಿಂದಿನ ದೀಪ ನಿಮ್ಮ ತಲೆಯ ನೆರಳನ್ನೇ ಕೆಲಸದ ಮೇಲೆ ಕೆಡಹುತ್ತದೆ.

ಬಲ್ಬು ಮಾತ್ರ ಕಣ್ಣಿಗೆ ನೇರ ಕಾಣಬಾರದು. ವಯಸ್ಸಾದ ಮಸೂರದೊಳಗೆ ಬೆಳಕು ಚದುರಿ, ನೋಡುವ ವಸ್ತುವಿನ ಮೇಲೆ ತೆಳು ಮಂಜು ಕವಿದಂತಾಗುತ್ತದೆ. ನಿಮಗೆ ಈ ತೊಂದರೆ ಇದೆಯೋ ಇಲ್ಲವೋ ತಿಳಿಯಲು ಮುಂದೆ ಅಂಚಿರುವ ಒಂದು ಟೋಪಿ ಹಾಕಿಕೊಂಡು ಕೆಲಸ ಮಾಡಿ ನೋಡಿ. ಟೋಪಿ ಹಾಕಿದಾಗ ಗೀಟು ಚುರುಕಾಗಿ ಕಂಡರೆ, ಎಲ್ಲಿಂದಲೋ ಬೆಳಕು ಕಣ್ಣಿಗೆ ಹೊಡೆಯುತ್ತಿದೆ ಎಂದರ್ಥ. ನಾನು ವರ್ಷಗಟ್ಟಲೆ ದೀಪವನ್ನು ನೇರ ಎದುರಿಗೆ ಇಟ್ಟುಕೊಂಡಿದ್ದೆ. ಪಾಲಿಶ್ ಆದ ಬೀಟೆಯ ಮೇಲೆ ಅದರ ಪ್ರತಿಬಿಂಬವೇ ಕಾಣುತ್ತಿತ್ತು, ಮರ ಕಾಣುತ್ತಿರಲಿಲ್ಲ. ಸಂಜೆ ತಲೆನೋವು ಬಂದರೆ ವಯಸ್ಸಾಯಿತು ಎಂದುಕೊಳ್ಳುತ್ತಿದ್ದೆ. ದೀಪವನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದ ವಾರದಲ್ಲೇ ತಲೆನೋವು ಹೋಯಿತು.

ಕಿಟಕಿಯ ವಿಷಯ ನೀವು ಬರೆದಿಲ್ಲ. ಪುಸ್ತಕಗಳಲ್ಲಿ ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿ ನೇರ ಬಿಸಿಲು ಬರುವುದೇ ಇಲ್ಲ ಎಂದಿರುತ್ತದೆ. ನಮ್ಮಲ್ಲಿ ಅದು ಹಾಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ, ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ಸರಿದು. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಯಿಂದಲೂ ಓರೆ ಬಿಸಿಲು ಒಳಗೆ ಬರುತ್ತದೆ. ಒಂದು ತೆಳು ಬಿಳಿ ಪಂಚೆ ಇಳಿಬಿಟ್ಟರೆ ಸಾಕು, ಬೆಳಕು ಹದಕ್ಕೆ ಬರುತ್ತದೆ. ಕಿಟಕಿ ಯಾವ ದಿಕ್ಕಿಗಿದ್ದರೂ ಬೆಂಚು ಅದಕ್ಕೆ ಎದುರಾಗಿರದೆ ಪಕ್ಕವಾಗಿರಲಿ. ಹಗಲಿನಲ್ಲಿ ಅದೇ ನಿಮ್ಮ ಓರೆ ದೀಪ. ಜುಲೈನ ಮೋಡದಲ್ಲಿ ಮಾತ್ರ ಅದನ್ನು ನೆಚ್ಚಬೇಡಿ, ಹತ್ತು ನಿಮಿಷದಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ, ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ತಿಳಿಯುವುದೂ ಇಲ್ಲ. ನೆಲ ಹಳೆಯ ಕೆಂಪು ರೆಡ್ ಆಕ್ಸೈಡ್ ಆಗಿದ್ದರೆ ಅದು ಬೆಳಕು ನುಂಗುತ್ತದೆ. ಗೋಡೆಗೂ ಸೂರಿಗೂ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿ.

ಕನ್ನಡಕದ ವಿಷಯದಲ್ಲಿ ನಿಮಗೆ ತಪ್ಪು ಸಲಹೆ ಸಿಕ್ಕಿದೆ ಎನ್ನುವುದಿಲ್ಲ. ಪ್ರೋಗ್ರೆಸಿವ್ ರಸ್ತೆಗೆ, ಅಡುಗೆಮನೆಗೆ, ಪೇಪರ್ ಓದಲು ಒಳ್ಳೆಯದು. ಬೆಂಚಿಗೆ ಆಗಿಬರುವುದಿಲ್ಲ. ಹತ್ತಿರ ನೋಡುವ ಭಾಗ ಅದರ ಕೆಳತುದಿಯಲ್ಲಿರುತ್ತದೆ, ನಡುದೂರದ ಭಾಗ ಕಿರಿದಾದ ಓಣಿಯಂತೆ, ಅಕ್ಕಪಕ್ಕದಲ್ಲಿ ನೇರ ಗೆರೆಯೂ ಬಾಗಿ ಕಾಣುತ್ತದೆ. ಮರಗೆಲಸದವನಿಗೆ ನೇರ ಗೆರೆ ಬಾಗಿ ಕಂಡರೆ ಉಳಿದದ್ದೇನು? ಗಲ್ಲ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಗೀಟು ಹುಡುಕುತ್ತಿದ್ದೀರಿ ಎಂದು ನನ್ನ ಊಹೆ.

ಚಾಳೀಸು ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ. ನಲವತ್ತರ ನಂತರ ಮಸೂರ ಗಟ್ಟಿಯಾಗುತ್ತ ಹೋಗಿ, ಹತ್ತಿರದ್ದನ್ನು ನೋಡಲು ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಅರವತ್ತು ದಾಟಿದ ಮೇಲೆ ಕಣ್ಣು ತಾನಾಗಿ ದೂರ ಬದಲಿಸಿಕೊಳ್ಳುವುದು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಯಾವ ದೂರಕ್ಕೆ ಕನ್ನಡಕ ಮಾಡಿಸಿದ್ದೀರೋ ಆ ದೂರ ಮಾತ್ರ ಸ್ಪಷ್ಟ. ಆದ್ದರಿಂದ ದೂರ ಅಳೆಯಿರಿ. ಗರಗಸ ಹಿಡಿದು ಎಂದಿನಂತೆ ನಿಂತುಕೊಳ್ಳಿ, ಮನೆಯವರಿಗೆ ಟೇಪು ಕೊಟ್ಟು ಕಣ್ಣಿನ ಪಕ್ಕದಿಂದ ಗೀಟಿನವರೆಗೆ ಅಳೆಸಿ. ಇನ್‌ಲೇ ಮಾಡುವ ಭಂಗಿಯಲ್ಲೂ ಅಳೆಸಿ. ಒಂದು 50 ಸೆಂಟಿಮೀಟರ್ ಬರಬಹುದು, ಇನ್ನೊಂದು 40. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಈ ದೂರಕ್ಕೆ ಸಿಂಗಲ್ ವಿಷನ್ ಕನ್ನಡಕ ಬೇಕು ಎಂದು ಕೇಳಿ. ಲೆಕ್ಕ ನಿಮಗೂ ಗೊತ್ತಿರಲಿ. 1 ಅನ್ನು ಮೀಟರ್‌ನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಬರುವುದು ಡಯಾಪ್ಟರ್. 50 ಸೆಂಟಿಮೀಟರ್‌ಗೆ 2, 40ಕ್ಕೆ 2.5, 33ಕ್ಕೆ 3. ಇದು ದೂರದೃಷ್ಟಿಯ ನಂಬರಿನ ಮೇಲೆ ಸೇರುವ ಅಂಕಿ. ಕಣ್ಣಿನಲ್ಲಿ ಉಳಿದಿರುವ ಶಕ್ತಿ ನೋಡಿಕೊಂಡು ಪರೀಕ್ಷಿಸುವವರು ಸ್ವಲ್ಪ ಕಡಿಮೆ ಕೊಡಬಹುದು. ಫುಟ್‌ಪಾತಿನ ರೆಡಿಮೇಡ್ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು, ಓರೆ ನಂಬರು (ಸಿಲಿಂಡರ್) ಇರುವುದೇ ಇಲ್ಲ. ಸಣ್ಣ ಕೆಲಸಕ್ಕೆ ಅದು ಬೇಡ. ಗಾಜು ಪಾಲಿಕಾರ್ಬೊನೇಟ್ ಆಗಿರಲಿ. ಲೇತ್‌ನಲ್ಲಿ ಕೆಲಸ ಮಾಡುವಾಗ ಮಾತ್ರ ಅದರ ಮೇಲೆ ಮುಖಪೂರ್ತಿ ಮುಚ್ಚುವ ಶೀಲ್ಡ್ ಬೇಕೇ ಬೇಕು.

ಇದರ ಜೊತೆಗೆ ಬೆಂಚಿನ ಎತ್ತರವೂ ಸೇರಿಕೊಳ್ಳುತ್ತದೆ. ತೋಪಡ ಹೊಡೆಯಲು ಮಾಡಿದ ಬೆಂಚು ಸೊಂಟದ ಮಟ್ಟಕ್ಕಿರುತ್ತದೆ. ಡವ್‌ಟೇಲ್ ಕತ್ತರಿಸಲು ಅದು ತಗ್ಗು. ನಾವು ಬಾಗುತ್ತೇವೆ, ಬಾಗಿದಂತೆ ದೂರ ಬದಲಾಗುತ್ತದೆ, ಕನ್ನಡಕ ತಪ್ಪುತ್ತದೆ. 15ರಿಂದ 20 ಸೆಂಟಿಮೀಟರ್ ಎತ್ತರದ ಒಂದು ಪುಟ್ಟ ಮೇಲ್ಬೆಂಚು ಮಾಡಿ, ಸಣ್ಣ ಕೆಲಸ ಇದ್ದಾಗ ಕ್ಲ್ಯಾಂಪ್ ಹಾಕಿ ದೊಡ್ಡ ಬೆಂಚಿನ ಮೇಲೆ ಕೂರಿಸಿ. ಕೆಲಸ ಮೊಣಕೈ ಮಟ್ಟಕ್ಕೆ ಬರುತ್ತದೆ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಮನೆಯಲ್ಲಿರುವ ಮರದಲ್ಲೇ ಆಗುತ್ತದೆ.

ಭೂತಗನ್ನಡಿಯ ಬಗ್ಗೆ ನಿಧಾನಿಸಿ. ತಲೆಗೆ ಕಟ್ಟಿಕೊಳ್ಳುವ ಪಟ್ಟಿಯ ಭೂತಗನ್ನಡಿಯಲ್ಲಿ 1.75 ಪಟ್ಟು ದೊಡ್ಡದಾಗಿ ತೋರಿಸುವುದು 35 ಸೆಂಟಿಮೀಟರ್ ಸುಮಾರಿನಲ್ಲಿ ಕೆಲಸ ಮಾಡಲು ಬಿಡುತ್ತದೆ. 2.5 ಪಟ್ಟಿನದು 20 ಸೆಂಟಿಮೀಟರ್‌ಗೆ ಮುಖ ತರಿಸುತ್ತದೆ. ಇಪ್ಪತ್ತರಲ್ಲಿ ಉಳಿಯ ಹಿಡಿ ಹಣೆಗೆ ತಾಗುತ್ತದೆ, ಕೊಡತಿ ಎತ್ತುವುದಂತೂ ದೂರದ ಮಾತು. ಅಲ್ಲದೆ ತಲೆ ಒಂದೆರಡು ಬೆರಳು ಅಲುಗಿದರೂ ಎಲ್ಲ ಮಸುಕು. ಇನ್‌ಲೇಗೆ ಕಡಿಮೆ ಪಟ್ಟಿನದೇ ಸರಿ. ನಗರ್ತಪೇಟೆಯ ಅಕ್ಕಸಾಲಿಗರು ಕಣ್ಣಿಗೆ ಒತ್ತಿಕೊಳ್ಳುವ ಪುಟ್ಟ ಲೂಪ್ ಒಂದಿರಲಿ, ಅದು ಉಳಿಯ ಅಂಚು, ಗರಗಸದ ಹಲ್ಲು ಪರೀಕ್ಷಿಸಲು. ದಂತವೈದ್ಯರು ಬಳಸುವ ಲೂಪ್ 2.5 ಪಟ್ಟು ದೊಡ್ಡದು ಮಾಡಿಯೂ 40 ಸೆಂಟಿಮೀಟರ್ ದೂರ ಉಳಿಸುತ್ತದೆ. ದುಬಾರಿ, ಆದರೆ ಇನ್‌ಲೇಯನ್ನೇ ಹೆಚ್ಚು ಮಾಡುವವರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ತೋಳಿನ ಮೇಲೆ ನಿಲ್ಲುವ ದೊಡ್ಡ ಭೂತಗನ್ನಡಿ ಕೊಂಡರೆ ಕೆಲಸ ಮುಗಿದ ಕೂಡಲೇ ಬಟ್ಟೆ ಮುಚ್ಚಿ. ಒಂದು ದಿನ ಪೂರ್ವದ ಕಿಟಕಿಯ ಬಿಸಿಲು ನನ್ನ ಭೂತಗನ್ನಡಿಯೊಳಗೆ ಹಾದು ತೋಪಡದ ಸುರುಳಿಗಳ ಮೇಲೆ ಬಿದ್ದಿತ್ತು. ಕಾಫಿ ಮುಗಿಸಿ ಬಂದಾಗ ಹೊಗೆ ಏಳುತ್ತಿತ್ತು. ಇನ್ನೈದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೋ ನೆನೆಯಲಾರೆ.

ಗುರುತು ಹಾಕುವ ಕ್ರಮದಲ್ಲೇ ಕಣ್ಣಿನ ಭಾರ ಎಷ್ಟೋ ಇಳಿಸಬಹುದು. ತೇಗದಲ್ಲಿ ಚಾಕುವಿನ ಗೀಟಿನೊಳಗೆ 0.5 ಮಿಲಿಮೀಟರ್ ಪೆನ್ಸಿಲ್ ಹಾಯಿಸಿ. ಹಳ್ಳದ ಎರಡು ದಡ ಎರಡು ಕಪ್ಪು ಗೆರೆಯಾಗಿ, ನಡುವೆ ತೆಳು ಬಿಳುಪಾಗಿ ಕಾಣುತ್ತದೆ. ಬೀಟೆಯಲ್ಲಿ ಪೆನ್ಸಿಲ್ ವ್ಯರ್ಥ. ಗೀಟಿನ ಮೇಲೆ ಬಿಳಿ ಸೀಮೆಸುಣ್ಣ ಉಜ್ಜಿ, ಮೇಲಿನ ಪುಡಿ ಒರೆಸಿಬಿಡಿ, ಹಳ್ಳದೊಳಗಿನದು ಉಳಿಯುತ್ತದೆ. ಅದಕ್ಕಿಂತ ನನಗೆ ಇಷ್ಟವಾದದ್ದು ಮಾಸ್ಕಿಂಗ್ ಟೇಪಿನ ವಿಧಾನ. ಮರದ ಮೇಲೆ ಟೇಪು ಅಂಟಿಸಿ, ಟೇಪಿನ ಮೇಲೇ ಗುರುತು ಹಾಕಿ, ಚಾಕುವಿನಿಂದ ಟೇಪು ಸಮೇತ ಕೊಯ್ದು, ತೆಗೆಯಬೇಕಾದ ಭಾಗದ ಮೇಲಿನದನ್ನು ಮಾತ್ರ ಕಿತ್ತುಬಿಡಿ. ಈಗ ನೀವು ನೋಡಬೇಕಾದದ್ದು ಕೂದಲೆಳೆಯ ಗೀಟನ್ನಲ್ಲ, ತಿಳಿ ಹಳದಿಯ ಟೇಪಿಗೂ ಕಪ್ಪು ಬೀಟೆಗೂ ನಡುವಿನ ಗಡಿಯನ್ನು. ಎಂಥ ಕಣ್ಣಿಗೂ ಕಾಣುತ್ತದೆ. ಕೊನೆಯ ಉಳಿಯೇಟಿಗಂತೂ ಕಣ್ಣೇ ಬೇಡ. ಉಳಿಯ ಅಂಚನ್ನು ಮರದ ಮೇಲೆ ಹಗುರವಾಗಿ ಜಾರಿಸುತ್ತ ಬಂದರೆ ಚಾಕುವಿನ ಹಳ್ಳಕ್ಕೆ ಟಕ್ಕೆಂದು ಬಿದ್ದು ಕೂರುತ್ತದೆ, ಕೈಗೇ ತಿಳಿಯುತ್ತದೆ. ಸ್ಕೇಲು ಕೊಳ್ಳುವಾಗ ಫಳಫಳ ಹೊಳೆಯುವ ಸ್ಟೀಲ್ ಬೇಡ, ಮಬ್ಬು ಕ್ರೋಮಿನ ಮೇಲೆ ಕಪ್ಪು ಗೆರೆಯದು ಕೇಳಿ ತನ್ನಿ.

ಬಣ್ಣದ ಮಾತೂ ಇದೆ. ಹಿಂದೆ ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಕಪ್ಪು ಬೀಟೆಯಲ್ಲಿ ಬಿಳಿ ದಂತ ಕೂರಿಸುತ್ತಿದ್ದರು, ವ್ಯತ್ಯಾಸ ದೂರದಿಂದಲೇ ಕಾಣುತ್ತಿತ್ತು. ದಂತ ನಿಷೇಧವಾದ ಮೇಲೆ ಬಗೆಬಗೆಯ ಮರದ ಸಹಜ ಬಣ್ಣಗಳೇ ಆಧಾರ. ಹಲಸಿನ ಹಳದಿ, ತೇಗದ ಹೊಂಬಣ್ಣ, ಕೆಂಪು ಮರಗಳ ನಡುವಿನ ಅಂತರ ಸೂಕ್ಷ್ಮ. ಬಲ್ಬು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಂಕಿ ಸಿಆರ್‌ಐ. ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದಿರುವುದನ್ನೇ ಕೊಳ್ಳಿ. ಸಾಮಾನ್ಯ ಬಲ್ಬುಗಳಲ್ಲಿ ಅದು 80ರ ಆಸುಪಾಸು ಇರುತ್ತದೆ, ಕೆಂಪು ಬಣ್ಣ ಸೊರಗಿ ಕಾಣುತ್ತದೆ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೊಡುವ 6500 ಕೆಲ್ವಿನ್‌ನ ನೀಲಿಬಿಳುಪು ನನಗೆ ಹಿಡಿಸುವುದಿಲ್ಲ, ಮರ ಬೂದಿ ಬಳಿದಂತಾಗುತ್ತದೆ. 4000 ಕೆಲ್ವಿನ್ ಸರಿ.

ಲೇತ್ ಇರುವುದರಿಂದ ಇದೊಂದನ್ನು ದಯವಿಟ್ಟು ಗಮನಿಸಿ. ನಮ್ಮ ಕರೆಂಟು 50 ಹರ್ಟ್ಸ್. ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಲೇತ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದ್ದರೆ, ಎರಡು ಮಿನುಗಿನ ನಡುವೆ ಸರಿಯಾಗಿ ಕಾಲು ಸುತ್ತು ತಿರುಗಿರುತ್ತದೆ. ಮರವನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್ಕು ಆಗ ನಿಂತಂತೆಯೇ ಕಾಣಬಹುದು. ಅದು ನಿಂತಿದೆ ಎಂದು ಕೈ ಹೋದರೆ ಬೆರಳು ಉಳಿಯುವುದಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ಪ್ರತಿ ದೀಪವನ್ನೂ ಚಿತ್ರೀಕರಿಸಿ ನೋಡಿ. ಪಟಪಟ ಮಿನುಗಿದರೆ ಅದನ್ನು ಲೇತ್ ಬಳಿಯಿಂದ ತೆಗೆಯಿರಿ. ಮಿನುಗುವ ದೀಪ ಬೆಂಚಿನ ಬಳಿಯೂ ಕೆಲವರಿಗೆ ತಲೆನೋವು ತರುತ್ತದೆ.

ಇಷ್ಟೆಲ್ಲ ಮಾಡುವ ಮೊದಲೋ ಜೊತೆಗೋ ಕಣ್ಣಿನ ವೈದ್ಯರನ್ನು ಕಾಣಿ, ಕನ್ನಡಕದ ಅಂಗಡಿಯವರನ್ನಷ್ಟೇ ಅಲ್ಲ. ಖರ್ಚಿನ ಯೋಚನೆ ಇದ್ದರೆ ಕೆ.ಆರ್. ಮಾರುಕಟ್ಟೆ ಬಳಿಯ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಪಾಪೆ ಹಿಗ್ಗಿಸಿ ಒಳಭಾಗ ನೋಡಲಿ, ಕಣ್ಣಿನ ಒತ್ತಡ ಅಳೆಯಲಿ, ಸಕ್ಕರೆ ಕಾಯಿಲೆ ಇದ್ದರೆ ಪ್ರತಿ ವರ್ಷ ತಪ್ಪಿಸಬೇಡಿ. ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದೊಂದೇ ಕಣ್ಣು ಮುಚ್ಚಿ, ಬೆಂಚಿನ ಕನ್ನಡಕದಲ್ಲಿ, ನೀವು ನಂಬುವ ಸ್ಟೀಲ್ ಸ್ಕೇಲನ್ನು ನೋಡಿ. ಗೆರೆ ಒಂದೆಡೆ ಅಲೆಯಂತೆ ಬಾಗಿದ್ದರೆ, ನಡುವೆ ಕಲೆ ಇದ್ದರೆ, ಕಾಯದೆ ವೈದ್ಯರ ಬಳಿ ಹೋಗಿ. ಅಕ್ಷಿಪಟಲದ ನಡುಭಾಗದ ತೊಂದರೆ ಹಾಗೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮೋಸದ ಲಕ್ಷಣ, ಕನ್ನಡಕವಿಲ್ಲದೆ ಹತ್ತಿರದ್ದು ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣತೊಡಗುವುದು. ಸಂತೋಷಪಡುತ್ತೇವೆ, ಆದರೆ ಅದು ಪೊರೆ ಬೆಳೆಯುತ್ತಿರುವ ಗುರುತೂ ಆಗಬಹುದು. ಪೊರೆಯ ಶಸ್ತ್ರಚಿಕಿತ್ಸೆ ಬೇಕೆಂದರೆ ಹೆದರಬೇಡಿ, ಆದರೆ ಮೊದಲೇ ಆ 40, 50 ಸೆಂಟಿಮೀಟರ್ ಚೀಟಿಯನ್ನು ವೈದ್ಯರ ಮುಂದಿಟ್ಟು ನೀವು ಮಾಡುವ ಕೆಲಸ ವಿವರಿಸಿ. ಯಾವ ದೂರಕ್ಕೆ ಮಸೂರ ಕೂರಿಸಬೇಕು ಎಂಬುದು ಆಗಲೇ ತೀರ್ಮಾನವಾಗಬೇಕು. ಹಳದಿ ಮಸೂರ ಹೋದ ಮೇಲೆ ಬಿಳಿ, ನೀಲಿಗಳು ಥಟ್ಟನೆ ಬೆಳಗುತ್ತವೆ, ಮೊದಲು ನೀವು ಹೊಂದಿಸಿದ್ದ ಪಾಲಿಶಿನ ಬಣ್ಣ ಬೇರೆಯಾಗಿ ಕಾಣುತ್ತದೆ. ನಡುವಿನಲ್ಲಿ ನಿಂತ ಬಣ್ಣದ ಕೆಲಸ ಇದ್ದರೆ ಅದನ್ನು ಮುಗಿಸಿಕೊಂಡೇ ಹೋಗಿ.

ಕೊನೆಗೆ ನಿಮ್ಮ ಅರ್ಧಕ್ಕೆ ನಿಂತ ಮುಚ್ಚಳ. ಹೊಸ ದೀಪ, ಹೊಸ ಕನ್ನಡಕ ಬಂದ ಮೇಲೆ ನೇರ ಉಳಿ ಹಿಡಿಯಬೇಡಿ. ಇನ್ನೂ ಕಡಿಯದ ಗುರುತುಗಳನ್ನೆಲ್ಲ ಹಗುರವಾಗಿ ಕೀಸಿ ತೆಗೆದು, ಕೂರಿಸಬೇಕಾದ ತುಂಡನ್ನೇ ಅದರ ಜಾಗದಲ್ಲಿಟ್ಟು, ಟೇಪಿನ ಮೇಲೆ ಸುತ್ತ ಚಾಕು ಆಡಿಸಿ ಹೊಸದಾಗಿ ಗೀಟು ಹಾಕಿ. ಹಳೆಯ ಗೀಟುಗಳನ್ನು ಎಳೆದದ್ದು ಮೂರು ಟ್ಯೂಬ್‌ಲೈಟಿನ ಕೆಳಗೆ, ಗಲ್ಲ ಎತ್ತಿಕೊಂಡು. ಆ ಅರ್ಧ ಮಿಲಿಮೀಟರ್ ಬಹುಶಃ ಅಲ್ಲೇ ಹುಟ್ಟಿದ್ದು.